ಗುಡ್ಡದ ಕಡೆಯ ಲೈನ್

10 ಫೆಬ್ರುವರಿ 2025, ಬೆಳಿಗ್ಗೆ 5.40

ಸೈಟಿಗೆ ಹೊರಡುವ ಮೊದಲು, ಇಂದಿನ ಸ್ಥಿತಿ:

1. ಬಳ್ಳಾರಿಯಿಂದ ಕುರುಗೋಡು ಮಾರ್ಗವಾಗಿ ಸಿರುಗುಪ್ಪಕ್ಕೆ ಹೋಗುವ ನಮ್ಮ ಸೆಕ್ಷನ್‌ನಲ್ಲಿ ಹಿಂದೆ ಜೋಡಿ ಹಳಿ ಇತ್ತು. 1971ರಲ್ಲಿ ಗುಡ್ಡದ ಕಡೆಯ ಹಳಿಯನ್ನು ಕಿತ್ತು ಬೇರೆಡೆಗೆ ಸಾಗಿಸಿದರು. ಈಗ ಅದೇ ಜಾಗದಲ್ಲಿ ಮರಳಿ ಹಾಕುತ್ತಿದ್ದೇವೆ.

2. ಹಳಿ ಜೋಡಣೆ ಕಿ.ಮೀ. 36ರವರೆಗೆ ಮುಗಿದಿದೆ.

3. ಹಳಿಯ ಕೆಳಗಿನ ನೆಲ ಭಾರ ಹೊರಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿದವನು ನಾನು. ದಿನಾಂಕ 9 ಜನವರಿ.

4. ಜಲ್ಲಿ ತುಂಬಿದ ರೈಲು ಇದೇ 20ರಂದು ಈ ಹಳಿಯ ಮೇಲೆ ಬರಲಿದೆ. ಮೊದಲ ನಿಜವಾದ ಭಾರ.

5. 1971ರಲ್ಲಿ ಹಳಿ ಕಿತ್ತ ಗ್ಯಾಂಗಿನಲ್ಲಿ ಅಪ್ಪ ಇದ್ದರು. ದಾವಲಸಾಬ್, ಈಗ 82 ವರ್ಷ. ಅಪ್ಪ ಕಿತ್ತದ್ದನ್ನು ಮಗ ಹಾಕುತ್ತಿದ್ದಾನೆ. ಈ ಅಂಶ ಯಾವ ಕಡತದಲ್ಲೂ ಇಲ್ಲ.

6. ಚಹಾದಲ್ಲಿ ಸಕ್ಕರೆ ಇರಲಿಲ್ಲ. ನಿಶಾತ್ ಮರೆತದ್ದಲ್ಲ. ಮೊನ್ನೆಯ ನನ್ನ ರಕ್ತಪರೀಕ್ಷೆಯ ವರದಿಯನ್ನು ಹೆಂಡತಿ ನನಗಿಂತ ಮೊದಲು ಓದಿದ್ದಾಳೆ.

12 ಫೆಬ್ರುವರಿ, ಸಂಜೆ 7.15

ಅಪ್ಪನ ಪ್ರಶ್ನೆ ಇವತ್ತೂ ಅದೇ. ಕೌಲ್ ಬಜಾರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಬೂಟು ಬಿಚ್ಚುವುದನ್ನೇ ಕಾಯುತ್ತಿರುತ್ತಾರೆ.

"ಎಲ್ಲಿ ತನಕ ಬಂತು?"

"ಕಟಿಂಗ್ ದಾಟೇತ್ರಿ ಅಪ್ಪಾ." ಕಟಿಂಗ್ ಎಂದರೆ ಕುರುಗೋಡಿನಾಚೆ ಗುಡ್ಡವನ್ನು ಸೀಳಿ ಹಳಿಗೆ ದಾರಿ ಮಾಡಿದ ಜಾಗ.

"ಗುಡ್ಡದ ಕಡೇನೋ, ಕಾಲುವಿ ಕಡೇನೋ?"

"ಹಳೇ ಜಾಗದಾಗ. ಗುಡ್ಡದ ಕಡೇನ."

"ಕಾಲುವಿ ಕಡೆ ಹಾಕಾಕ ಬರಂಗಿಲ್ಲೇನು?"

"ಆ ಕಡೆ ಈಗಿನ ಲೈನ್ ಐತಲ್ರಿ."

"ಅದರ ಆಚಿಗೆ?"

"ಅದರ ಆಚಿಗೆ ಕಾಲುವಿ ಐತಿ."

ಒಳಗಿನಿಂದ ಅವ್ವ: "ಸಾಕು ಬಿಡ್ರಿ. ಎಂಜಿನಿಯರ್ ನೀವೋ, ಅವನೋ? ಅವ ಕಾಲುವಿ ಎತ್ತಿ ಆಚಿ ಇಡ್ತಾನೇನು ನಿಮ್ಮ ಸಲುವಾಗಿ?"

 ಅಪ್ಪನ ಮುಖ ನೋಡಿದರೆ ಒಪ್ಪಿದಂತೆ ಕಾಣಲಿಲ್ಲ. ಒಂದು ತಿಂಗಳಿಂದ ಇದೇ ಪ್ರಶ್ನೆ. ವಯಸ್ಸು ಇರಬೇಕು. ಅವರಿಗೆ ಹೊಸ ಹಳಿ ನೋಡುವ ಆಸೆಯಿದೆ ಎಂದು ತೋರುತ್ತದೆ. ಭಾನುವಾರ ಕರೆದೊಯ್ಯಬೇಕು.

16 ಫೆಬ್ರುವರಿ, ಭಾನುವಾರ, ಸಂಜೆ

ಅಪ್ಪನನ್ನು ಕಾರಿನಲ್ಲಿ ಕರೆದೊಯ್ದೆ. ಬಿಳಿ ಟೋಪಿಯ ಮೇಲೆ ಹೆಲ್ಮೆಟ್ ಹಾಕಲು ಒಪ್ಪಲಿಲ್ಲ. ಟೋಪಿ ತೆಗೆದು ಹಾಕಿಕೊಳ್ಳಲೂ ಒಪ್ಪಲಿಲ್ಲ. ಕೊನೆಗೆ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡರು. ನಿಯಮ ಅರ್ಧ ಪಾಲನೆಯಾಯಿತು.

ಗ್ಯಾಂಗಿನ ಮುಖಂಡ ಹುಲಿಗೇಶ್ ಚಹಾ ತರಿಸಿದ.

"ತಾತಾ, ನೀ ಕಿತ್ತಿದ್ದಕ್ಕ ನೋಡು ನಾವು ಹಾಕಾಕತ್ತೀವಿ. ಸುಮ್ನ ಬಿಟ್ಟಿದ್ರ ನಮ್ಮ ಸೊಂಟರ ಉಳೀತಿದ್ವು."

ಅಪ್ಪ ಹಳಿಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದರು. "ನೀ ಹಾಕಿದ್ದು ನೋಡಿದ್ರ ಮತ್ತೊಮ್ಮೆ ಕೀಳಬೇಕು ಅನಸ್ತೈತಲೇ."

ಎಲ್ಲರೂ ನಕ್ಕರು. ಹುಲಿಗೇಶ್ ಎಲ್ಲರಿಗಿಂತ ಜೋರಾಗಿ ನಕ್ಕ. ಆದರೂ ಅಪ್ಪ ನೋಡಿದ ಕಡೆ ಒಮ್ಮೆ ಬಗ್ಗಿ ನೋಡಿಕೊಂಡ.

ಅನಂತರ ನಡೆದದ್ದು ಹೀಗೆ. ಕಟಿಂಗಿನ ಬಾಯಲ್ಲಿ ಹಳೆಯ ಗ್ಯಾಂಗ್ ಕ್ವಾರ್ಟರ್ಸಿನ ಮುರುಕು ಗೋಡೆ ಇದೆ. ನಾನು ಹುಟ್ಟಿದ್ದು ಅಲ್ಲೇ. ಕೂಸಿದ್ದಾಗಲೇ ಅವ್ವನ ತವರಿಗೆ ಕಳಿಸಿದ್ದರಿಂದ ಈ ಜಾಗದ ನೆನಪಿಲ್ಲ. ಅಪ್ಪ ಆ ಗೋಡೆಗೆ ಬೆನ್ನು ಕೊಟ್ಟು ನಿಂತು, ಕೋಲೂರುತ್ತ ಹೆಜ್ಜೆ ಎಣಿಸುತ್ತ ಹೊರಟರು. ಎಣಿಕೆ ತೆಲುಗಿನಲ್ಲಿ. ಆ ಕಾಲದ ಗ್ಯಾಂಗಿನ ಎಣಿಕೆಯೆಲ್ಲ ತೆಲುಗಿನಲ್ಲೇ ಇರುತ್ತಿತ್ತಂತೆ. ಡೆಬ್ಬೈ ಎನಿಮಿದಿಗೆ, ಅಂದರೆ ಎಪ್ಪತ್ತೆಂಟಕ್ಕೆ, ನಿಂತರು. ಕೋಲು ಕೆಳಗಿಟ್ಟು ಹಳಿಯ ಮೇಲೆ ಕುಳಿತುಬಿಟ್ಟರು.

"ಏಳ್ರಿ ಅಪ್ಪಾ, ಬಿಸಲು."

"ನಾ ಇಲ್ಲೇ ಕೂಡ್ತೀನಿ."

"ಎಷ್ಟೊತ್ತು?"

"ನೀ ಹೋಗು. ನಾ ಇಲ್ಲೇ ಅದೀನಿ."

ಹುಲಿಗೇಶ್: "ತಾತ ಧರಣಿ ಕೂತಾನ್ರೀ ಸಾಹೇಬ್ರ. ಬೇಡಿಕೆ ಏನು ಕೇಳ್ರಿ."

ಬೇಡಿಕೆ ಹೇಳಲಿಲ್ಲ. ನಲವತ್ತು ನಿಮಿಷ ಕುಳಿತಿದ್ದರು. ಕೊನೆಗೆ ನಾನೂ ಹುಲಿಗೇಶನೂ ತೋಳು ಹಿಡಿದು ಎಬ್ಬಿಸಿದೆವು. ತೂಕ ಇಲ್ಲವೇ ಇಲ್ಲ... ಈ ತೋಳಿನಿಂದಲೇ ಅವರು ಹಳಿ ಹೊತ್ತದ್ದು. 

17 ಫೆಬ್ರುವರಿ, ಸಂಜೆ 6.30

ನೆಲದ ಮಟ್ಟ ಬರೆದಿಡುವ ಲೆವೆಲ್ ಪುಸ್ತಕ ತೆಗೆದೆ. ಅಪ್ಪ ಕುಳಿತ ಜಾಗವನ್ನು ಟೇಪಿನಲ್ಲಿ ಅಳೆದಿದ್ದೆ. ಕಿ.ಮೀ. 34/460, ಅಂದರೆ 34ನೇ ಕಿ.ಮೀ. ಕಲ್ಲು ದಾಟಿ 460 ಮೀಟರ್.

ಡಿಸೆಂಬರ್ 21: 34/460ರಲ್ಲಿ ನೆಲ 12 ಮಿ.ಮೀ. ತಗ್ಗು. ಮಣ್ಣು ಹಾಕಿ ಸರಿಪಡಿಸಲಾಗಿದೆ.
ಜನವರಿ 4: ಅಲ್ಲೇ 9 ಮಿ.ಮೀ. ಸರಿಪಡಿಸಲಾಗಿದೆ.
ಇಂದು, ಹಳಿ ಹಾಕಿದ ಮೇಲೆ: 7 ಮಿ.ಮೀ.

ಮೂರೂ ನನ್ನ ಕೈಬರಹ. ಎರಡು ಸಲ ತಗ್ಗನ್ನು ತುಂಬಿಸಿದೆ. ತಗ್ಗು ಏಕೆ ಆಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಐವತ್ತು ಮೀಟರಿಗೊಂದು ಪರೀಕ್ಷಾ ಗುಂಡಿ ತೆಗೆಸಿದ್ದೆವು. ಒಂದು 34/450ರಲ್ಲಿ, ಇನ್ನೊಂದು 34/500ರಲ್ಲಿ. ಎರಡರಲ್ಲೂ ಗಟ್ಟಿ ನೆಲ. ಕಟಿಂಗ್ ಕಿರಿದಾದ್ದರಿಂದ ಟಿಪ್ಪರ್ ಒಳಗೆ ಹೋಗಿಲ್ಲ. ಟ್ರ್ಯಾಕ್ಟರಿನಲ್ಲಿ ಜಲ್ಲಿ ಹರಡಿದರು. ಅಲ್ಲಿ ದೊಡ್ಡ ಭಾರ ಈವರೆಗೆ ಬಿದ್ದಿಲ್ಲ.

ಅಪ್ಪ ಎಪ್ಪತ್ತೆಂಟು ಹೆಜ್ಜೆ ಎಣಿಸಿ ಸರಿಯಾಗಿ ಅದೇ ಜಾಗದಲ್ಲಿ ಕುಳಿತರು. ಕಾಕತಾಳೀಯ ಎಂಬ ಮಾತು ನಮ್ಮ ಕೈಪಿಡಿಯಲ್ಲಿ ಇಲ್ಲ.

ಕೇಳಿದೆ. ಅಪ್ಪ "ಏನಿಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

18 ಫೆಬ್ರುವರಿ, ಬೆಳಿಗ್ಗೆ 7.00

ಅವ್ವನನ್ನು ಕೇಳಿದೆ. ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

"ಅವ್ವಾ, ಕಟಿಂಗಿನಾಗ ಅಪ್ಪ ಏನರ ಹೂಣ್ಯಾರೇನು?"

"ಹೂಣಾಕ ನಮ್ಮನ್ಯಾಗ ಬಂಗಾರ ಇತ್ತೇನೋ? ಬಾವಿ ಐತಲ್ಲ ಅಲ್ಲಿ. ನಿನಗ ಹೇಳೇ ಇಲ್ಲೇನು ಆ ಮನಶ್ಯಾ?"

ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದಿಡುತ್ತೇನೆ.

"ನಾ ದೇಶನೂರಾಕಿ. ಸಿಹಿ ನೀರು ಕುಡಿದು ಬೆಳದಾಕಿ. ಮದಿವಿ ಆಗಿ ಬಂದ್ರ ಕ್ವಾಟ್ರಸ್‌ನಾಗ ಸವಳು ನೀರು. ಬಾಯಾಗ ಇಟ್ರ ಉಪ್ಪು. ಬ್ಯಾಸಗಿಗೆ ಕಾಲುವೀನೂ ಬಂದ್. ನೀ ಹೊಟ್ಟ್ಯಾಗ ಇದ್ದಿ. ಕುಡಿದದ್ದೆಲ್ಲ ವಾಂತಿ. ಎರಡು ಮೈಲು ನಡದು ನೀರು ತರ್ತಿದ್ದೆ. ಒಂದಿನ ಕೊಡ ಸಮೇತ ಬಿದ್ದೆ. ನಿಮ್ಮಪ್ಪ ಏನೂ ಅನ್ನಲಿಲ್ಲ. ಮರುದಿನ ಡ್ಯೂಟಿ ಮುಗಿಸಿ ಬಂದು, ಹಳಿ ಕಿತ್ತ ಜಾಗದಾಗ ಗುದ್ದಲಿ ಹಾಕಿದ. ಗುಡ್ಡದ ನೀರು ಅಲ್ಲಿ ಜಿನುಗ್ತಿತ್ತು. ಗ್ಯಾಂಗಿನ ಮಲ್ಲಯ್ಯ, ಇನ್ನಿಬ್ರು ಕೈ ಹಚ್ಚಿದ್ರು. ಹದಿನಾಲ್ಕಡಿಗೆ ನೀರು. ಏನ್ ನೀರಂತಿ! ಸಕ್ರಿ ಹಾಕಿದಂಗ."

"ಆಮ್ಯಾಲೆ?"

"ಎಂಟು ವರ್ಷ ಇಡೀ ಗ್ಯಾಂಗ್ ಕುಡೀತು. ಆಮ್ಯಾಲೆ ದೊಡ್ಡ ಸಾಹೇಬ ಟ್ರಾಲಿ ಮ್ಯಾಲೆ ಬರ್ತಾನಂತ ಗುಲ್ಲೆದ್ದಿತು. ರೈಲಿನ ಜಾಗ ತೋಡಿದ್ರ ನೌಕರಿ ಹೋಗ್ತೈತಂತ. ಮಧ್ಯಾಹ್ನ ಒಂದ ತಾಸಿನಾಗ ಹಳಿ ಕೆಳಗ ಹಾಕೋ ಹಳೇ ಮರದ ಸ್ಲೀಪರ್ ಬಾಯಿಗೆ ಅಡ್ಡ ಇಟ್ಟು, ಮ್ಯಾಲೆ ಮಣ್ಣೆಳದ್ರು. ಸಾಹೇಬ ಹ್ವಾದ ಮ್ಯಾಲೆ ತೆಗೀಬೇಕಂತ ಇತ್ತು. ಅಷ್ಟ್ರಾಗ ಕ್ವಾಟ್ರಸ್ ಖಾಲಿ ಮಾಡಿಸಿದ್ರು."

"ತುಂಬಲಿಲ್ಲೇನವ್ವಾ ಬಾವೀನ?"

ಸೊಪ್ಪು ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ಏನೋ ಕೆಟ್ಟ ಮಾತು ಆಡಿದಂತೆ.

"ಮಂದಿ ನೀರು ಕುಡಿದ ಬಾವೀನ ಯಾರರ ತುಂಬ್ತಾರೇನೋ?"

6.22ಕ್ಕೆ ಫೋನ್ ಮಾಡಿ 20ರ ಜಲ್ಲಿ ರೈಲನ್ನು ನಿಲ್ಲಿಸಿದೆ. 6.25ಕ್ಕೆ ಹುಲಿಗೇಶನಿಗೆ: ಕಟಿಂಗಿನೊಳಗೆ ಯಾರೂ ಕಾಲಿಡಬಾರದು, ಕೆಂಪು ಬಾವುಟ ನೆಡು. ಕಾರಣ ಎಂದು ಬರೆಸಿದ್ದು: "34/460ರಲ್ಲಿ ನೆಲ ಕುಸಿಯುವ ಸಂಶಯ." ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ನಲವತ್ತನಾಲ್ಕು ವರ್ಷದ ಹಳೆಯ ಮರದ ಮೇಲೆ, ಹದಿನಾಲ್ಕು ಅಡಿ ಪೊಳ್ಳಿನ ಮೇಲೆ, ನಾನು ಸಹಿ ಹಾಕಿದ್ದೇನೆ.

19 ಫೆಬ್ರುವರಿ, ಸಂಜೆ

ಅಪ್ಪ ಮಾತಾಡಿದರು. ಮೊದಲು ಅವ್ವನಿಗೆ.

"ಹೇಳಬ್ಯಾಡ ಅಂದಿದ್ನಿಲ್ಲ ನಿನಗ?"

"ಯಾವಾಗ ಅಂದಿದ್ರಿ?"

"ಎಂಬತ್ತೊಂದನೇ ಇಸವ್ಯಾಗ!"

"ಅದು ಸಾಹೇಬಗ ಹೇಳಬ್ಯಾಡ ಅಂದದ್ದು. ಇವ ನನ್ನ ಮಗ."

"ಇವನೂ ಸಾಹೇಬ ಅದಾನ ಈಗ."

ಅವ್ವ ಎದ್ದು ಒಳಗೆ ಹೋದಳು. 

ಅನಂತರ ನನಗೆ. "ಹಳಿ ಮ್ಯಾಲೆ ನಾ ಯಾಕ ಕೂತೆ ಅನ್ಕೊಂಡಿ? ಹೇಳಾಕ ಬಾಯಿ ಬರಲಿಲ್ಲ. ಮನಶ್ಯಾ ಕೂತಿದ್ರ ರೈಲು ಬರಂಗಿಲ್ಲಲ್ಲ, ಅದಕ್ಕ ಕೂತೆ."

"ದಿನಾ ಕೂಡ್ತಿದ್ರೇನು?"

"ನೀ ಕರಕೊಂಡು ಹೋಗಿದ್ರ ಕೂಡ್ತಿದ್ದೆ."



ಭಯ ಪಿಂಚಣಿಯದು. ತೋಡಿದವರು ಯಾರೆಂದು ಗೊತ್ತಾದರೆ ನಿಲ್ಲಿಸುತ್ತಾರೆ ಎಂಬ ನಂಬಿಕೆ. ನಿಯಮ ತೆಗೆದು ಓದಿದೆ. ನಿವೃತ್ತಿಯಾಗಿ ಇಪ್ಪತ್ತೆರಡು ವರ್ಷ. ಇಷ್ಟು ಹಳೆಯ ಸಂಗತಿಗೆ ಈಗ ಕ್ರಮ ಕೈಗೊಳ್ಳಲು ಅವಕಾಶವಿಲ್ಲ ಎಂದು ವಾಕ್ಯವಾಕ್ಯವಾಗಿ ವಿವರಿಸಿದೆ. ತಾಳ್ಮೆಯಿಂದ ಕೇಳಿದರು.

"ನೀ ಲೈನ್ ಹಾಕಾಕ ಕಲ್ತಿ. ಪಿಂಚಣಿ ಬಗ್ಗೆ ನಿನಗೇನ್ ಗೊತ್ತೈತಿ?"

"ನಿಲ್ಲಿಸಿದ್ರೂ ನಾ ಇಲ್ಲೇನ್ರಿ?"

"ನನ್ನದಲ್ಲೋ." ಧ್ವನಿ ತಗ್ಗಿಸಿದರು. ಅವ್ವ ಆಗ ಪಕ್ಕದ ಕೋಣೆಯಲ್ಲಿದ್ದಳು. "ನಾ ಹ್ವಾದ ಮ್ಯಾಲೆ ಅಕಿ ಹೆಸರಿಗೆ ಬರ್ತೈತಲ್ಲ, ಅದು. ಅಕಿ ಯಾರ ಮುಂದೂ ಕೈ ಚಾಚಬಾರದು. ಮಗನ ಮುಂದೂ."

ಬಾವಿ ತೋಡಿದ್ದು ಅವಳಿಗಾಗಿ. ಮುಚ್ಚಿಟ್ಟದ್ದೂ ಅವಳಿಗಾಗಿ.

"ನನ್ನ ಹೆಸರು ಹಾಕಬ್ಯಾಡ" ಎಂದರು. ನಾನು ಮಾತು ಕೊಡಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

6 ಮಾರ್ಚ್, ಸಂಜೆ 7.30

ಹದಿನೈದು ದಿನ ಬರೆಯಲಿಲ್ಲ. ನನ್ನ ಪ್ರಮಾಣಪತ್ರವನ್ನು ನಾನೇ ಹಿಂಪಡೆದೆ. ವಿವರಣೆ ಕೇಳಿದರು. "ಎರಡು ಸಲ ತಗ್ಗು ಕಂಡರೂ ಕಾರಣ ಹುಡುಕಲಿಲ್ಲ, ತಪ್ಪು ನನ್ನದು" ಎಂದು ಒಂದು ಪುಟದಲ್ಲಿ ಕೊಟ್ಟೆ. ಎಚ್ಚರಿಕೆ ಪತ್ರ ಬಂದಿದೆ. ನ್ಯಾಯವಾದದ್ದು.

ಇಂದು ಹಳಿ ಬಿಚ್ಚಿ ಮಣ್ಣು ತೆಗೆಸಿದೆ. 1.1 ಮೀಟರಿಗೆ ಮರ ತಗುಲಿತು. ಒಂಬತ್ತಡಿಯ ಸ್ಲೀಪರ್ ಏಳು. ನಡುವಿನ ಎರಡು ಬಾಗಿದ್ದವು. ಒಂದರಲ್ಲಿ ನನ್ನ ಬೆರಳು ಎರಡನೇ ಗೆಣ್ಣಿನವರೆಗೆ ಇಳಿಯಿತು. ಹುಲಿಗೇಶ್ ಅದನ್ನು ನೋಡಿದ, ಹಳಿಯ ಕಡೆ ನೋಡಿದ, ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡ.

"ಸಾಹೇಬ್ರ, ಜಲ್ಲಿ ರೈಲಿನ ಮುಂದ ಮುಂದ ನಡೆಯಾಂವ ನಾನ ಇದ್ದೆ."

"ಗೊತ್ತೈತಿ."

"ತಾತಗ ನನ್ನ ಸಲಾಂ ಹೇಳ್ರಿ. ಧರಣಿ ಅಂತ ನಕ್ಕೆ ನಾ."

ಗಾಳಿ ಪರೀಕ್ಷಿಸಿ, ಹಗ್ಗ ಕಟ್ಟಿಕೊಂಡು ನಾನೇ ಇಳಿದೆ. ಅಗತ್ಯವಿರಲಿಲ್ಲ. ಒಳಗೆ ಕಲ್ಲು ಕಟ್ಟಡ, ಸುಣ್ಣವಿಲ್ಲ, ಸಿಮೆಂಟಿಲ್ಲ. ಹೆಗಲಿಗೆ ಹೆಗಲು ಕೊಟ್ಟು ಕೂರಿಸಿದ ಗುಡ್ಡದ ಕಲ್ಲು. ನಾಲ್ಕು ಮಟ್ಟದಲ್ಲಿ ವ್ಯಾಸ ಅಳೆದೆ: 1520, 1520, 1518, 1520 ಮಿ.ಮೀ. ತೂಗುಗುಂಡು ಬಿಟ್ಟು ನೋಡಿದೆ. ಬಾಯಿಂದ ನೀರಿನವರೆಗೆ ವಾಲಿಕೆ 3 ಮಿ.ಮೀ. ಡ್ಯೂಟಿ ಮುಗಿಸಿ, ಡ್ರಾಯಿಂಗ್ ಇಲ್ಲದೆ, ಗುದ್ದಲಿ ಹಾರೆಗಳಿಂದ. ನನ್ನ ಸೆಕ್ಷನ್‌ನಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಹೆಚ್ಚಿಲ್ಲ.

ನೀರು ಇತ್ತು. ತಿಳಿಯಾಗಿತ್ತು.

ರಂಜಾನಿನ ಉಪವಾಸ, ರೋಜಾ, ಇದ್ದುದರಿಂದ ಅಲ್ಲಿ ಬಾಯಿಗೆ ಇಡಲಿಲ್ಲ. ಎರಡು ಬಾಟಲಿ ತುಂಬಿದೆ. ಒಂದು ಪರೀಕ್ಷೆಗೆ ಕಳಿಸಿದೆ. ಇನ್ನೊಂದನ್ನು ಮನೆಗೆ ತಂದು ಇಪ್ಪತ್ತು ನಿಮಿಷ ಕುದಿಸಿ, ಸೋಸಿ, ಆರಿಸಿಟ್ಟೆ. ಸಂಜೆಯ ಅಜಾನ್ ಆದಾಗ ನಿಶಾತ್ ಖರ್ಜೂರದ ತಟ್ಟೆಯ ಪಕ್ಕ ಎರಡು ಲೋಟ ಇಟ್ಟಳು. ಯಾವ ನೀರು ಎಂದು ನಾನು ಹೇಳಲಿಲ್ಲ.

ಅವ್ವ ಒಂದು ಗುಟುಕು ಕುಡಿದು ಲೋಟ ದೂರ ಹಿಡಿದಳು. ನನ್ನ ಕಡೆ ನೋಡಿದಳು.

"ಕುದಿಸಿದೇನೋ ಇದನ್ನ?"

"ಹೂಂ."

"ಜೀವಾನ ತೆಗದಿಯಲ್ಲೋ ನೀರಿಂದು. ಎಂಜಿನಿಯರ್ ಆದ್ಯಂತ ಬಾವೀನೂ ಬಿಡಲಿಲ್ಲ." ಬಯ್ಯುತ್ತಲೇ ಇದ್ದಳು. ಬಯ್ಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲೋಟ ಖಾಲಿ ಮಾಡಿದಳು.

ಅಪ್ಪ ಕಣ್ಣು ಮುಚ್ಚಿ ಕುಡಿದರು. ಲೋಟವನ್ನು ನೆಲಕ್ಕಿಡದೆ ಹಿಡಿದೇ ಕುಳಿತರು.

"ಅದ ನೀರು" ಎಂದರು. ಆಮೇಲೆ: "ಸ್ಲೀಪರ್ ಹ್ಯಾಂಗಿದ್ವು?"

"ಎರಡು ಕೊಳತಿದ್ವು."

"ಒಳಗ ಕಲ್ಲು?"

"ಒಂದೂ ಅಲುಗಿಲ್ರಿ."

ತಲೆಯಾಡಿಸಿದರು. ಇನ್ನೊಂದು ಲೋಟ ಕೇಳಿದರು.

7 ಮಾರ್ಚ್, ಸಂಜೆ 5.50

ಬಾವಿಯನ್ನು ಉಳಿಸಲು ಸಾಧ್ಯವೇ ಎಂದು ಲೆಕ್ಕ ಹಾಕಿ ನೋಡಿದೆ. ಹಳಿಯನ್ನು ಪಕ್ಕಕ್ಕೆ ಸರಿಸಲು ಗುಡ್ಡವನ್ನು ಇನ್ನೆರಡು ಮೀಟರ್ ಕಡಿಯಬೇಕು, ಬಂಡೆ. ಸಮರ್ಥನೆ ಇಲ್ಲ. ತಳದವರೆಗೆ ಕಾಂಕ್ರೀಟ್ ತುಂಬಬೇಕು. ಗುಡ್ಡದಿಂದ ಜಿನುಗುವ ನೀರಿಗೆ ಪಕ್ಕದಲ್ಲಿ ಪೈಪ್ ಕೊಟ್ಟು, ಹಳೆಯ ಗೋಡೆಯ ಬಳಿ ಒಂದು ನಲ್ಲಿಗೆ ತರಬಹುದು. ಪೈಪ್ ಹೇಗಿದ್ದರೂ ಬೇಕು. ನೀರು ನೆಲದೊಳಗೆ ನಿಲ್ಲಬಾರದು. ನಲ್ಲಿ ಮಾತ್ರ ನನ್ನ ಸೇರ್ಪಡೆ.

ಅವ್ವನಿಗೆ ಹೇಳಿದೆ, ಬಾವಿ ತುಂಬುತ್ತೇವೆ ಎಂದು.  "ನೀರು ಹೊರಗ ಬರ್ತೈತಲ್ಲ?" ಎಂದು ಕೇಳಿದಳು. ಬರುತ್ತದೆ ಎಂದೆ. "ಹಂಗಾರ ತುಂಬು."

ಚನ್ನಬಸವ ಅವರು ಕಚೇರಿಗೆ ಕರೆದಿದ್ದರು. ನನ್ನ ಮೇಲಧಿಕಾರಿ, ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ. ಅಂತಿಮ ವರದಿಯ ನಮೂನೆ ಮುಂದಿಟ್ಟರು. ಆರನೇ ಕಾಲಂ: ಅನಧಿಕೃತ ರಚನೆಯನ್ನು ನಿರ್ಮಿಸಿದವರು.

"ಅಜ್ಞಾತ ವ್ಯಕ್ತಿಗಳು ಅಂತ ಬರೀರಿ ಮುಜಾಫರ್ ಸರ್. ಐವತ್ತು ವರ್ಷದ ಹಿಂದಿನ ಮಾತು, ಯಾರ್ ಕೇಳ್ತಾರ? ಸಹಿ ಮಾಡಿ ಕೊಡ್ರಿ, ಮುಗೀತು."

ನಾಳೆ ಕೊಡುತ್ತೇನೆ ಎಂದೆ. ಅವರಿಗೆ ಆಶ್ಚರ್ಯವಾಯಿತು. ನಾನು ಕಾಗದವನ್ನು ಮನೆಗೆ ಒಯ್ಯುವವನಲ್ಲ.

8 ಮಾರ್ಚ್, ಬೆಳಿಗ್ಗೆ 6.05

ನಮೂನೆ ಮೇಜಿನ ಮೇಲಿದೆ. ಐದು ಕಾಲಂ ತುಂಬಿದ್ದೇನೆ.

ಅಪ್ಪ ನಲವತ್ತು ವರ್ಷ ದುಡಿದರು. ಸೆಕ್ಷನ್ನಿನ ಹಳೆಯ ಡ್ರಾಯಿಂಗ್‌ಗಳನ್ನೆಲ್ಲ ನೋಡಿದ್ದೇನೆ. ಸರ್ವೆ ಮಾಡಿದವರ ಹೆಸರಿದೆ, ಗೆರೆ ಎಳೆದವರದು ಇದೆ, ಒಪ್ಪಿಗೆ ಕೊಟ್ಟವರದು ಇದೆ. ಹಳಿ ಹೊತ್ತವರದು ಎಲ್ಲೂ ಇಲ್ಲ.

ನಸುಕಿನ ಸಹರಿ ಊಟದ ಹೊತ್ತಿಗೆ ಅವ್ವ ಈ ಕಾಗದವನ್ನು ನೋಡಿ ಏನೆಂದು ಕೇಳಿದಳು. ಹೇಳಿದೆ. ಪಿಂಚಣಿಯ ಬಗ್ಗೆ ಅಪ್ಪ ಅಂದದ್ದನ್ನೂ ಹೇಳಿದೆ, ಹೇಳಬಾರದೆಂದು ಅವರು ನನಗೆ ಹೇಳಿರಲಿಲ್ಲ. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ನನ್ನ ಸಲುವಾಗಿ ಅಂತಾನೇನು? ಎದುರಿಗೆ ಒಮ್ಮೆರ ಅಂದಾನೇನು ನನಗ?" ರೊಟ್ಟಿಯನ್ನು ತಟ್ಟೆಗಿಟ್ಟು, "ಬರಿ ಹೆಸರು. ನಿಂದರ್ಲಿ ಪಿಂಚಣಿ. ಬಾವಿ ತೋಡಿಸಿಕೊಂಡಾಕಿ ನಾನು. ಬೇಕಂದ್ರ ನಂದೂ ಬರಿ. ಮೀರಾಬಿ, ದೇಶನೂರು."

ಅಪ್ಪ ಈಗ ನಮಾಜ್ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದಾರೆ. ಕೆಮ್ಮು ಕೇಳಿಸುತ್ತಿದೆ.

1520, 1520, 1518, 1520. ಇದನ್ನು ಕಟ್ಟಿದವರು ಅಜ್ಞಾತರು ಎಂದು ಬರೆದರೆ ಅದು ನನ್ನ ಮೂವತ್ತು ವರ್ಷದ ಕೆಲಸದಲ್ಲಿ ತಿಳಿದೂ ಬರೆದ ಮೊದಲ ಸುಳ್ಳಾಗುತ್ತದೆ.

ಆರನೇ ಕಾಲಂನಲ್ಲಿ ದಾವಲಸಾಬ್, ಗ್ಯಾಂಗ್‌ಮನ್ ಎಂದು ಬರೆಯುತ್ತೇನೆ. ಕಚೇರಿಗೆ ಒಯ್ಯುವ ಮೊದಲು ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು ಓದಿ ಹೇಳುತ್ತೇನೆ.